ಕಂಪನಿಯ ಡೇ ಕೇರ್, ಹಿಂದಿನ ಬೀದಿಯ ಬೇಬಿ ಸಿಟ್ಟಿಂಗ್: ಮಗಳ ಹಗಲುನಿದ್ದೆ ಮತ್ತು ನಮ್ಮ ರಾತ್ರಿಗಳು

ಮಗಳಿಗೆ ಒಂದೂವರೆ ವರ್ಷವಾದಾಗ ಅವಳನ್ನು ನನ್ನ ಕಂಪನಿಯೊಂದಿಗೆ ಒಪ್ಪಂದವಿದ್ದ ದೊಡ್ಡ ಡೇ ಕೇರ್‌ಗೆ ಸೇರಿಸಿದೆವು. ಐದು ತಿಂಗಳಿಗೆ ಬಿಡಿಸಿ, ಬನಶಂಕರಿಯ ನಮ್ಮ ಹಿಂದಿನ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯಲ್ಲೇ ನಡೆಸುವ ಬೇಬಿ ಸಿಟ್ಟಿಂಗ್‌ಗೆ ಬಿಟ್ಟೆವು. ಮೊದಲೇ ಅಲ್ಲಿಗೆ ಬಿಡಬೇಕಿತ್ತು ಎನ್ನುವವಳು ನಾನು. ಇದನ್ನು ನಿಷ್ಪಕ್ಷಪಾತ ಹೋಲಿಕೆಯೆಂದು ಓದಬೇಡಿ.

ಸ್ವಚ್ಛತೆ, ಊಟ ಎರಡೂ ಕಡೆ ಚೆನ್ನಾಗಿತ್ತು. ತೊಂದರೆ ಬಂದದ್ದು ನಿದ್ದೆಯಿಂದ. ಡೇ ಕೇರ್‌ನಲ್ಲಿ ಮಧ್ಯಾಹ್ನ ಒಂದಕ್ಕೆ ಪರದೆ ಎಳೆದು ಮಲಗಿಸಿದರೆ ನಾಲ್ಕೂವರೆಯವರೆಗೆ ಯಾರನ್ನೂ ಎಬ್ಬಿಸುತ್ತಿರಲಿಲ್ಲ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದರಲ್ಲಿ ಹಗಲಿನ ನಿದ್ದೆಯೂ ಸೇರಿರುವುದರಿಂದ, ಅಲ್ಲಿ ಹೆಚ್ಚು ಮಲಗಿದ್ದನ್ನು ಮಗಳು ನಮ್ಮ ರಾತ್ರಿಯ ಲೆಕ್ಕದಲ್ಲಿ ಕಳೆಯುತ್ತಿದ್ದಳು.

ರಾತ್ರಿ ಹನ್ನೊಂದೂವರೆಗೆ ಅವಳು ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಎರಡೂವರೆಗೆ ಎಬ್ಬಿಸಿರೆಂದು ಕೇಳಿಕೊಂಡಾಗ, ಒಬ್ಬಳು ಎದ್ದರೆ ಉಳಿದವರೂ ಏಳುತ್ತಾರೆ ಎಂಬ ಉತ್ತರ ಬಂತು. ಬರೆದುಕೊಟ್ಟ ಮೇಲೆ ಎರಡು ದಿನ ಎಬ್ಬಿಸಿದರು. ಮೂರನೆಯ ದಿನ, “ಅಷ್ಟು ಚೆನ್ನಾಗಿ ಮಲಗಿದ್ದಳು, ಎಬ್ಬಿಸಲು ಮನಸ್ಸು ಬರಲಿಲ್ಲ ಮೇಡಂ” ಎಂದರು. ಹತ್ತು ಹನ್ನೆರಡು ಮಕ್ಕಳಿಗೆ ಇಬ್ಬರೇ ಆಯಾಗಳಿದ್ದಾಗ ಆ ಮೂರೂವರೆ ಗಂಟೆಯ ಬಿಡುವು ಅವರಿಗೂ ಬೇಕಾಗಿತ್ತೆಂಬುದು ನನಗೆ ಅರ್ಥವಾಗದೆ ಇರಲಿಲ್ಲ. ಆದರೆ ಆ ತಿಂಗಳುಗಳಲ್ಲಿ ನಾನೂ ನನ್ನ ಪತಿಯೂ ಆಡಿದ ಮಾತುಗಳಲ್ಲಿ ಅರ್ಧಕ್ಕರ್ಧ, ಇವತ್ತು ಮಲಗಿಸುವ ಸರದಿ ಯಾರದು ಎಂಬುದರ ಬಗ್ಗೆಯೇ ಇದ್ದವು.

ಟೀಚರ್ ಮನೆಯಲ್ಲಿ ಇರುವುದು ಐದೇ ಮಕ್ಕಳು. ಹನ್ನೆರಡೂವರೆಗೆ ಮಲಗಿದವಳನ್ನು ಎರಡೂ ಕಾಲಿಗೆ ಎಬ್ಬಿಸಿ, ಅಂಗಳದ ಕುಂಡಗಳಿಗೆ ನೀರು ಹಾಕಲು ಕರೆದೊಯ್ಯುತ್ತಾರೆ. ಎಂಟೂ ಮುಕ್ಕಾಲಿಗೆಲ್ಲ ಮನೆಯಲ್ಲಿ ಸದ್ದಿರುವುದಿಲ್ಲ. ಬಹಳ ದಿನಗಳ ನಂತರ ಇಬ್ಬರೂ ಒಟ್ಟಿಗೆ ಕುಳಿತು ಊಟ ಮಾಡಿದೆವು. ಮೊದಲ ದಿನ ಏನು ಮಾತಾಡಬೇಕೆಂದೇ ತೋಚಲಿಲ್ಲ.

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಶಿಶುಪಾಲನಾ ಸೌಲಭ್ಯವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಬರಬಹುದು. ಬನ್ನೇರುಘಟ್ಟ ರಸ್ತೆಯ ಸಂಚಾರದಲ್ಲಿ ನನಗೆ ಒಂದು ಬಾರಿಯೂ ಸಾಧ್ಯವಾಗಲಿಲ್ಲ.

ಹಣದ ವಿಷಯದಲ್ಲಿ ಡೇ ಕೇರ್‌ನದೇ ಮೇಲುಗೈ: ತಿಂಗಳಿಗೆ 14,000 ರೂಪಾಯಿಯಲ್ಲಿ ಅರ್ಧವನ್ನು ಕಂಪನಿ ಕೊಡುತ್ತಿತ್ತು, ಟೀಚರ್‌ಗೆ ಕೊಡುವ 8,500 ಪೂರ್ತಿ ನಮ್ಮದೇ. ಹೆಚ್ಚಾದ 1,500ನ್ನು ಹೊರಗಿನ ಊಟ ಕಡಿಮೆ ಮಾಡಿ ಸರಿದೂಗಿಸಿದ್ದೇವೆ. ರಾತ್ರಿ ಅಡುಗೆಗೆ ಈಗ ಸಮಯವಿದೆ.

ಟೀಚರ್ ಮಗಳ ಮನೆಗೆಂದು ಶಿವಮೊಗ್ಗಕ್ಕೆ ಹೊರಟರೆ ಬಾಗಿಲು ಹಾಕಿರುತ್ತದೆ, ಆಗ ನಾವು ಸರದಿಯಲ್ಲಿ ರಜೆ ಹಾಕುತ್ತೇವೆ. ಸಂಜೆ ಆರೂವರೆಯೊಳಗೆ ಮಗುವನ್ನು ಕರೆದುಕೊಳ್ಳಲೇಬೇಕಾದ್ದರಿಂದ, ಎಂಟರವರೆಗೆ ಕಚೇರಿಯಲ್ಲಿರುವವರಿಗೆ ಈ ವ್ಯವಸ್ಥೆ ಒಗ್ಗುವುದಿಲ್ಲ.