ಅಮ್ಮನ ಕೀಪ್ಯಾಡ್ ಫೋನಿಗೆ ಹಾಕ್ಸಿದ 1,849 ರೂಪಾಯಿ ರೀಚಾರ್ಜು, ವರ್ಷ ಆದ್ಮೇಲೆ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಫೈವ್‌ಜಿ ಸ್ಪೀಡು ಗೀಡು ನೋಡೋರಿಗೆ ಇದು ಉಪಯೋಗ ಇಲ್ಲ. ಊರಲ್ಲಿ ಅಪ್ಪನೋ ಅಮ್ಮನೋ ಕೀಪ್ಯಾಡ್ ಫೋನ್ ಇಟ್ಕೊಂಡಿದ್ದು, ನೀವು ಬೆಂಗ್ಳೂರಲ್ಲಿ ಕೂತು 28 ದಿನಕ್ಕೊಂದ್ಸಲ ರೀಚಾರ್ಜ್ ಮಾಡೋದು ಮರ್ತು, ಆಮೇಲೆ ಪಕ್ಕದ್ಮನೆ ನಂಬರಿಂದ "ಎರಡು ದಿನದಿಂದ ಯಾರ ಫೋನೂ ಬರ್ತಾ ಇಲ್ಲ, ಎಂಥ ಆಯ್ತು ನೋಡಾ ಮಾರಾಯ" ಅಂತ ಕೇಳಿಸ್ಕೊಂಡಿದ್ರೆ ಓದಿ.

ಅಮ್ಮ ಇರೋದು ಹೊಸನಗರ ಕಡೆ. ಅವಳಿಗೆ ಫೋನ್ ಬೇಕಾಗಿರೋದು ಮೂರಕ್ಕೆ: ನಾವು ಮಾಡಿದಾಗ ಎತ್ತೋಕೆ, ಗ್ಯಾಸ್ ಬುಕ್ ಮಾಡೋಕೆ, ಗೃಹಲಕ್ಷ್ಮಿ 2,000 ಬಿತ್ತಾ ಅನ್ನೋ ಮೆಸೇಜ್ ನೋಡೋಕೆ. ಸಿಮ್ ಏರ್‌ಟೆಲ್‌ದು, ಇಷ್ಟಕ್ಕೆ 28 ದಿನದ 199 ರೂಪಾಯಿ ಪ್ಯಾಕ್ ಹಾಕ್ಸ್ತಿದ್ವಿ. ತಿಂಗಳಿಗೊಂದು ಅಂತ ಅನ್ಸುತ್ತೆ ಅಷ್ಟೇ, ವರ್ಷಕ್ಕೆ 13 ಸಲ ಆಗುತ್ತೆ, 2,587 ರೂಪಾಯಿ. ಅದರಲ್ಲಿ 2 ಜಿಬಿ ಡೇಟಾ ಬೇರೆ, ಅವಳ ಫೋನಲ್ಲಿ ಇಂಟರ್ನೆಟ್ ಓಪನ್ನೇ ಆಗಲ್ಲ. ಆ ಫೋನು ತಗೊಂಡಿದ್ದು 1,300ಕ್ಕೆ. ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ.

2024ರ ಡಿಸೆಂಬರಲ್ಲಿ ಟ್ರಾಯ್‌ನವ್ರು, ಅಂದ್ರೆ ಫೋನ್ ಕಂಪನಿಗಳಿಗೆ ನಿಯಮ ಮಾಡೋ ಸರ್ಕಾರಿ ಸಂಸ್ಥೆ, ಡೇಟಾ ಬೇಡದವರಿಗೆ ಬರೀ ಕಾಲು ಮೆಸೇಜು ಇರೋ ಪ್ಯಾಕ್ ಕೊಡ್ಲೇಬೇಕು ಅಂತ ಹೇಳಿದ್ರು, ವ್ಯಾಲಿಡಿಟಿ 365 ದಿನದವರೆಗೂ ಕೊಡಬಹುದು ಅಂತಾನೂ ಮಾಡಿದ್ರು. ಅದಾದ್ಮೇಲೆ 2025ರ ಜನವರಿಲಿ ಬಂದಿದ್ದು ಈ 1,849ರ ಪ್ಯಾಕು. ಅನ್‌ಲಿಮಿಟೆಡ್ ಕಾಲು, 3,600 ಎಸ್ಎಂಎಸ್ಸು, ಡೇಟಾ ಸೊನ್ನೆ. ಹಾಕ್ಸಿದ್ವಿ. ವರ್ಷ ಪೂರ್ತಿ ಒಂದ್ಸಲಾನೂ ಇನ್‌ಕಮಿಂಗ್ ಕಟ್ ಆಗ್ಲಿಲ್ಲ, 700 ಚಿಲ್ಲರೆ ಉಳೀತು, ಆ ಲೆಕ್ಕಕ್ಕೆ ಪ್ಯಾಕ್ ಚೆನ್ನಾಗಿದೆ. ಆದ್ರೆ ಮುಂಚೆ ಇದೇ ಥರ ವರ್ಷದ ಪ್ಯಾಕು 24 ಜಿಬಿ ಡೇಟಾನೂ ಸೇರಿ 1,999ಕ್ಕೆ ಇತ್ತು. ಡೇಟಾ ಪೂರ್ತಿ ತೆಗ್ದು ಕಮ್ಮಿ ಮಾಡಿದ್ದು ನೂರೈವತ್ತು ರೂಪಾಯಿ. ಹಾಗಾದ್ರೆ ಉಳಿದ 1,849 ಯಾವುದಕ್ಕೆ? ಅಮ್ಮ ತಾನಾಗೇ ಫೋನ್ ಮಾಡೋದು ದಿನಕ್ಕೆ ಒಂದೋ ಎರಡೋ.

ಇದನ್ನ ತಲೆ ಕೆಡಿಸ್ಕೊಂಡು ಯೋಚ್ನೆ ಮಾಡಿದ್ಮೇಲೆ ನಂಗೆ ಅನ್ಸಿದ್ದು, ಈಗ ಕಂಪನಿಗಳು ನಮ್ಗೆ ಮಾರ್ತಿರೋದು ಮಾತೂ ಅಲ್ಲ ಡೇಟಾನೂ ಅಲ್ಲ, ನಂಬರ್ ಸಾಯದ ಹಾಗೆ ನೋಡ್ಕೊಳ್ಳೋದು. ವ್ಯಾಲಿಡಿಟಿ. ಮೊದ್ಲು ಹಿಂಗಿರ್ಲಿಲ್ಲ. 1995ರಲ್ಲಿ ಮೊಬೈಲ್ ಬಂದಾಗ ನಿಮಿಷಕ್ಕೆ 16 ರೂಪಾಯಿವರೆಗೂ ಇತ್ತು, ಬಂದ ಕಾಲಿಗೂ ದುಡ್ಡು, ಅಂದ್ರೆ ಮಾರ್ತಿದ್ದಿದ್ದು ನಿಮಿಷ. ನಮ್ ಕಡೆ ಸ್ಪೈಸ್ ಸಿಮ್ ಇದ್ದ ಕಾಲ ನೆನಪಿದೆಯಲ್ಲ, ಮಿಸ್ ಕಾಲ್ ಕೊಟ್ಟೇ ಅರ್ಧ ವ್ಯವಹಾರ ಮುಗಿಸ್ತಿದ್ವಿ, ಒಂದು ರಿಂಗ್ ಅಂದ್ರೆ ಬಸ್ ಹತ್ತಿದೆ, ಎರಡು ರಿಂಗ್ ಅಂದ್ರೆ ತಲುಪಿದೆ. ಆ ಮಿಸ್ ಕಾಲಲ್ಲೂ ದುಡ್ಡಿದೆ ಅಂತ ಕಂಡ್ಕೊಂಡಿದ್ದು ಬೆಂಗ್ಳೂರಿನ ಜಿಪ್‌ಡಯಲ್‌ನವ್ರು, ಜಾಹೀರಾತು ಕಂಪನಿಗಳಿಗೆ ಮಿಸ್ ಕಾಲ್ ನಂಬರ್ ಮಾಡ್ಕೊಟ್ಟು, 2015ರಲ್ಲಿ ಟ್ವಿಟರ್‌ಗೆ ಮಾರಿದ್ರು. ಕಾಲರ್ ಟ್ಯೂನ್ ಹಿಂದೆ ಇದ್ದ ಆನ್‌ಮೊಬೈಲೂ ಬೆಂಗ್ಳೂರಿಂದೇ, ಇನ್ಫೋಸಿಸ್ ಒಳಗಿಂದ ಹುಟ್ಟಿದ್ದು. ನಾವು ಹಾಡು ಕೇಳೋದಲ್ಲ, ನಮಗೆ ಫೋನ್ ಮಾಡಿದೋರು ಕೇಳೋದು, ಅದಕ್ಕೆ ತಿಂಗಳಿಗೆ 30 ರೂಪಾಯಿ ನಾವೇ ಕೊಟ್ವಲ್ಲ, ಇವತ್ತು ಯೋಚ್ನೆ ಮಾಡಿದ್ರೆ ನಗು ಬರುತ್ತೆ.

ಇನ್ನೊಂದು ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ. ಮುಂಚೆ ನಾನು ಅಮ್ಮಂಗೆ ಬೇರೆ ಕಂಪನಿ ಸಿಮ್ಮಿಂದ ಫೋನ್ ಮಾಡಿದ್ರೆ, ನನ್ ಕಂಪನಿಯವ್ರು ಅವಳ ಕಂಪನಿಗೆ ನಿಮಿಷಕ್ಕಿಷ್ಟು ಅಂತ ಕೊಡಬೇಕಿತ್ತು. 14 ಪೈಸೆ ಇತ್ತು, ಜಿಯೋ ಬಂದ ಮುಂದಿನ ವರ್ಷ, 2017ರಲ್ಲಿ 6 ಪೈಸೆ ಆಯ್ತು, 2021ರ ಜನವರಿ 1ಕ್ಕೆ ಸೊನ್ನೆ. ಅಂದ್ರೆ ಸುಮ್ನೆ ಫೋನ್ ಎತ್ತೋ ಅಮ್ಮಂದಿರಿಂದಾನೂ ಕಂಪನಿಗೆ ಕಾಸು ಹುಟ್ತಿತ್ತು, ಲೈಫ್‌ಟೈಮ್ ಇನ್‌ಕಮಿಂಗ್ ಅಂತ ಕೊಟ್ರೂ ನಡೀತಿತ್ತು. ಆ ದಾರಿ ಸಣ್ಣ ಆಗ್ತಾ ಬಂತು ನೋಡಿ, 2018ರ ಕೊನೆಗೆ 35 ರೂಪಾಯಿ ಮಿನಿಮಮ್ ರೀಚಾರ್ಜ್ ಶುರು ಆಯ್ತು, ಹಾಕಿಸ್ದೇ ಇದ್ರೆ ಇನ್‌ಕಮಿಂಗ್ ಬಂದ್. ಅದೇ ಏರ್ತಾ ಏರ್ತಾ ನಾವು ಹಾಕ್ಸ್ತಿದ್ದ ಹೊತ್ತಿಗೆ 199ಕ್ಕೆ ಬಂದು ನಿಂತಿತ್ತು.

ಬ್ಯಾಂಕ್ ಮೆಸೇಜಿನ ಕಥೆ ಇನ್ನೂ ಮಜಾ. ಬ್ಯಾಂಕಿಂದ ಒಂದು ಮೆಸೇಜ್ ಬರ್ಬೇಕಂದ್ರೆ ಬ್ಯಾಂಕು ಟೆಲಿಕಾಂನವ್ರಿಗೆ ದುಡ್ಡು ಕೊಡುತ್ತೆ. ಆ ದುಡ್ಡನ್ನ ಎಸ್ಎಂಎಸ್ ಚಾರ್ಜ್ ಅಂತ ಮೂರು ತಿಂಗಳಿಗೊಮ್ಮೆ ಅಮ್ಮನ ಖಾತೆಯಿಂದಾನೇ ಮುರ್ಕೊಳ್ತಾರೆ. ಆ ಮೆಸೇಜು ಬಂದು ಬೀಳೋಕೆ ಅಮ್ಮ ನಂಬರ್‌ಗೆ ರೀಚಾರ್ಜ್ ಹಾಕ್ಸಿರ್ಬೇಕು. ಒಂದು ಮೆಸೇಜಿಗೆ ಎಷ್ಟು ಕಡೆ ಲೆಕ್ಕ ನೋಡಿ.

1,849ರ ಒಳಗೇ ಜಿಎಸ್‌ಟಿ ಸೇರಿದೆ, 1,567ರ ಮೇಲೆ 18 ಪರ್ಸೆಂಟ್, ಅಂದ್ರೆ 282 ರೂಪಾಯಿ ಸೀದಾ ಸರ್ಕಾರಕ್ಕೆ. ಉಳಿದಿದ್ರಲ್ಲೂ ಲೈಸೆನ್ಸ್ ಫೀ ಅಂತ ಆದಾಯದ 8 ಪರ್ಸೆಂಟ್ ಕಂಪನಿ ಕಟ್ಟಬೇಕು, ಅದರಲ್ಲಿ 5 ಹಳ್ಳಿಗಳಿಗೆ ನೆಟ್‌ವರ್ಕ್ ಕೊಡೋ ನಿಧಿಗೆ. ಸ್ಪೆಕ್ಟ್ರಂ ಹರಾಜು ಬೇರೆ, 2022ರಲ್ಲಿ ಒಟ್ಟು 1,50,173 ಕೋಟಿಗೆ ಕೂಗಿದ್ರು. ಗಾಳೀಲಿರೋ ಅಲೆನ ಮಾರಿದ್ದು ಸ್ವಾಮಿ, ಅಡಿಕೆ ಮಂಡೀಲೂ ಇಷ್ಟು ವ್ಯಾಪಾರ ಆಗಲ್ಲ.

ಟವರ್‌ದು ಬೇರೆನೇ ಬಿಸ್ನೆಸ್ಸು. ಸಿಮ್ ಕಂಪನಿ ಬೇರೆ, ಬಹಳ ಕಡೆ ಟವರ್ ಕಂಪನಿ ಬೇರೆ. ಒಂದು ಕಂಬ ನಿಲ್ಸಿ ಜಾಗದ ಬಾಡಿಗೆ, ಬ್ಯಾಟ್ರಿ, ಡೀಸೆಲ್ ಎಲ್ಲ ನೋಡ್ಕೊಂಡು ಸಿಮ್ ಕಂಪನಿಗಳಿಗೆ ಬಾಡಿಗೆಗೆ ಕೊಡೋದು, ವಠಾರ ಕಟ್ಟಿದ ಹಾಗೆ. ಒಬ್ಬ ಬಾಡಿಗೆದಾರ ಬಂದ್ರೆ ಹಾಕಿದ ಖರ್ಚು ವಾಪಸ್ ಬರುತ್ತೆ, ಎರಡನೆಯವನು ಬಂದ್ರೆ ಹೆಚ್ಚುಕಮ್ಮಿ ಪೂರ್ತಿ ಲಾಭ. ನಾಲ್ಕು ಮನೆ ಇರೋ ಕಡೆ ಆ ಬಾಡಿಗೆದಾರರು ಸಿಗಲ್ಲ, ಅದಕ್ಕೇ ನಮ್ ಕಡೆ ಗುಡ್ಡದ ಮೇಲೆ ಯಾರೂ ಎರಡನೇ ಟವರ್ ಹಾಕೋಕೆ ಬರಲ್ಲ. ಇರೋದು ಒಂದು, ಯಾರದ್ದು ಅಂತ ಹೇಳಲ್ಲ, ಜುಲೈಲಿ ಮಳೆಗೆ ಮೂರು ದಿನ ಕರೆಂಟ್ ಹೋದ್ರೆ ಅದೂ ನಮ್ ಜೊತೆ ಮಲ್ಗುತ್ತೆ. ಆ ಮೂರು ದಿನದ ವ್ಯಾಲಿಡಿಟಿ ವಾಪಸ್ ಕೊಡ್ತಾರಾ? ಇಲ್ಲ. ಇದಕ್ಕೇ ಒಂದು ಸ್ಟಾರ್ ಕಟ್.

ಇನ್ನರ್ಧ ಸ್ಟಾರ್ ಕಟ್ ಮಾಡಿದ್ದು ಆಪ್‌ಗೆ. ಡೇಟಾ ಪ್ಯಾಕುಗಳನ್ನೇ ಮೇಲೆ ಮೇಲೆ ಜೋಡ್ಸಿಟ್ಟು, ಇದನ್ನ ಎಲ್ಲೋ ತಳದಲ್ಲಿ ಇಟ್ಟಿದ್ರು, ನಂಗೆ ಸಿಗ್ಲೇ ಇಲ್ಲ. ಕೊನೆಗೆ ಹಾಕಿದ್ದು ಬಸ್ ಸ್ಟ್ಯಾಂಡ್ ಹತ್ರ ಇರೋ ಅಂಗಡಿ ಅಣ್ಣ. ಅಮ್ಮ ಹೋಗಿ "ವರ್ಷದ್ದು ಹಾಕಪ್ಪ, ನೆಟ್ಟು ಬೇಡ" ಅಂದ್ರೆ ಎರಡು ನಿಮಿಷ. ಅವ್ರಿಗೆ ಉಳಿಯೋದು ನೂರಕ್ಕೆ ಎರಡೋ ಮೂರೋ ಅಂತೆ. ಆದ್ರೂ ಫೋನ್ ಸೈಲೆಂಟ್ ಆಗಿದ್ರೆ ಸರಿ ಮಾಡ್ಕೊಡೋದು, ತುಂಬಿದ ಮೆಸೇಜ್ ಅಳ್ಸಿಕೊಡೋದು ಎಲ್ಲ ಅವರೇ. ಟೆಂಪರ್ ಗ್ಲಾಸು ಕವರು ಮಾರಿ ಅಂಗಡಿ ಬಾಡಿಗೆ ಕಟ್ತಾರೆ.

"ಜಿಯೋ ಭಾರತ್ ತಗೊಳ್ಳಿ" ಅಂತ ಕೆಲವ್ರು ಹೇಳ್ಬಹುದು, ಅದು ಜಿಯೋದವ್ರದ್ದೇ ಕೀಪ್ಯಾಡ್ ಫೋನು. ಲೆಕ್ಕ ಹಾಕಿದ್ರೆ ಅದು ಅಗ್ಗಾನೇ. 2023ರಲ್ಲಿ ಬಂದಾಗ ಫೋನು 999, ರೀಚಾರ್ಜು 28 ದಿನಕ್ಕೆ 123, ಅದರಲ್ಲಿ ಡೇಟಾನೂ ಇತ್ತು. ಆದ್ರೆ ಆ ರೇಟು ಆ ಫೋನಿಗೆ ಮಾತ್ರ, ಫೋನನ್ನ ಕಮ್ಮಿಗೆ ಕೊಟ್ಟು ಗಿರಾಕಿನ ನೆಟ್‌ವರ್ಕಿಗೆ ಕಟ್ಟಿ ಹಾಕೋ ಲೆಕ್ಕ. ಬುದ್ಧಿವಂತಿಕೆ ಒಪ್ತೀನಿ. ಅಮ್ಮ ಒಪ್ಪಲ್ಲ, ಅವಳ ಹೆಬ್ಬೆರಳಿಗೆ ಈ ಫೋನಿನ ಬಟನ್ ಕತ್ತಲಲ್ಲೂ ಗೊತ್ತು, ಟಾರ್ಚ್ ಸಮೇತ.

ಐದಕ್ಕೆ ಮೂರೂವರೆ ಕೊಡ್ತೀನಿ. ತಗೊಳ್ಳೋರು ಎರಡು ನೋಡ್ಕೊಳ್ಳಿ: ಜಿಯೋ ಬರೀ ಫೋರ್‌ಜಿ ಫೈವ್‌ಜಿ, ಹಳೇ ಟೂಜಿ ಕೀಪ್ಯಾಡ್ ಫೋನಿಗೆ ಆ ಸಿಮ್ ಹಾಕಿದ್ರೆ ನಡೆಯಲ್ಲ, ಪೋರ್ಟ್ ಮಾಡೋ ಮುಂಚೆ ಫೋನ್ ಯಾವ್ದು ಅಂತ ನೋಡಿ. ಮತ್ತೆ ವರ್ಷದ ಪ್ಯಾಕು ಯಾವತ್ತು ಮುಗಿಯುತ್ತೆ ಅಂತ ಗೋಡೆ ಕ್ಯಾಲೆಂಡರಲ್ಲಿ ಗುರ್ತು ಹಾಕ್ಸಿಡಿ, ನಾವು ಹಾಕ್ಸಿರ್ಲಿಲ್ಲ, ಅಂಗಡಿ ಅಣ್ಣನೇ ಅಮ್ಮನ್ನ ಸಂತೇಲಿ ನೋಡಿ ನೆನಪು ಮಾಡಿದ್ದು.