ಸ್ಟಾರ್ಟಪ್ಪೋ, ದೊಡ್ಡ ಕಂಪನಿಯೋ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇನ್ಫೋಸಿಸ್ಸೂ ಇದೆ, ಹೊಸ ಕಂಪನಿಗಳನ್ನು ಬೆಳೆಸುವ ದೇಶಪಾಂಡೆ ಸ್ಟಾರ್ಟಪ್ಸೂ ಇದೆ. ದೊಡ್ಡ ಕಂಪನಿಯಲ್ಲಿ ತರಬೇತಿ, ಪಿಎಫ್, ತಪ್ಪದ ಸಂಬಳ. ಆದರೆ ದೊಡ್ಡ ಪ್ರಾಜೆಕ್ಟಿನ ಒಂದು ಚೂರಷ್ಟೇ ನಿಮ್ಮ ಪಾಲಿಗೆ. ಸ್ಟಾರ್ಟಪ್‌ನಲ್ಲಿ ಬೆಳಿಗ್ಗೆ ಕೋಡ್ ಬರೆದವರೇ ಮಧ್ಯಾಹ್ನ ಗ್ರಾಹಕರ ಫೋನ್ ಎತ್ತಬೇಕು. ಬೇಗ ಕಲಿಯುತ್ತೀರಿ, ಕೂರಿಸಿ ಕಲಿಸುವವರು ಮಾತ್ರ ಸಿಗುವುದಿಲ್ಲ.

ಹೆಚ್ಚಿನವರು ಎಡವುವುದು ಸಂಬಳದ ಲೆಕ್ಕದಲ್ಲಿ. ಆಫರ್ ಲೆಟರಿನ 6 ಲಕ್ಷದಲ್ಲಿ 2 ಲಕ್ಷ ಇಸಾಪ್ ಎಂದಿದ್ದರೆ (ಅಂದರೆ ಮುಂದೆಂದೋ ಸಿಗುವ ಕಂಪನಿ ಷೇರು), ಮನೆಖರ್ಚಿನ ಲೆಕ್ಕ 4 ಲಕ್ಷಕ್ಕೇ ಹಾಕಿ. ಆ ಷೇರಿನ ಹಕ್ಕು ಬರಲು ಕನಿಷ್ಠ 1 ವರ್ಷ, ಪೂರ್ತಿ ಸಿಗಲು ಸಾಮಾನ್ಯವಾಗಿ 4 ವರ್ಷ ಬೇಕು. ಕೊಳ್ಳುವವರಿಲ್ಲದಿದ್ದರೆ ಬರೀ ಕಾಗದ. 20ಕ್ಕಿಂತ ಕಡಿಮೆ ಜನರಿರುವಲ್ಲಿ ಸಾಮಾನ್ಯವಾಗಿ ಪಿಎಫ್ ಕಡ್ಡಾಯವೂ ಅಲ್ಲ.

ಕಂಪನಿಯ ಖಾತೆಯಲ್ಲಿ ಎಷ್ಟು ತಿಂಗಳ ಸಂಬಳಕ್ಕೆ ಹಣವಿದೆ ಎಂದು ಸಂದರ್ಶನದಲ್ಲೇ ಕೇಳಿ. ಸಾಲದ ಕಂತು ನಿಮ್ಮ ಮೇಲಿದ್ದು, 6 ತಿಂಗಳ ಖರ್ಚು ಕೈಯಲ್ಲಿಲ್ಲದಿದ್ದರೆ ಸದ್ಯಕ್ಕೆ ದೊಡ್ಡ ಕಂಪನಿಯೇ ವಾಸಿ.