ಕಾಳಿಘಾಟಿನ ನಿರ್ಮಲ ಹೃದಯದಲ್ಲಿ ಒಂದು ತಿಂಗಳು: ಸ್ವಯಂಸೇವಕನ ವಿಮರ್ಶೆ

ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದ ಮರುವರ್ಷ ಕೋಲ್ಕತ್ತದ ಮಿಷನರೀಸ್ ಆಫ್ ಚಾರಿಟಿಯಲ್ಲಿ ಒಂದು ತಿಂಗಳು ಸ್ವಯಂಸೇವಕನಾಗಿದ್ದೆ. ಹೋಗುವ ಮನಸ್ಸಿರುವವರು ಆಗಾಗ ವಿಚಾರಿಸುವುದರಿಂದ ಇದನ್ನು ಬರೆಯುತ್ತಿದ್ದೇನೆ. ಮದರ್ ತೆರೇಸಾ 1950ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಸ್ವಯಂಸೇವಕರಿಂದ ಶುಲ್ಕ ಪಡೆಯುವುದಿಲ್ಲ, ಯಾವ ಧರ್ಮದವರೆಂದು ನೋಡುವುದಿಲ್ಲ. ಪ್ರಯಾಣ, ವಸತಿಯ ಖರ್ಚು ಮಾತ್ರ ಪೂರ್ತಿ ನಮ್ಮದು. ಸಡರ್ ಸ್ಟ್ರೀಟಿನ ಆಸುಪಾಸಿನಲ್ಲಿ ನಾನು ಹಿಡಿದಿದ್ದ ಲಾಡ್ಜು ತಿಗಣೆಗಳ ತವರಾಗಿತ್ತು. ಮುಂಗಡ ಕೊಡುವ ಮುನ್ನ ಹಾಸಿಗೆಯನ್ನೊಮ್ಮೆ ಎತ್ತಿ ನೋಡಿ.

ಬೆಳಿಗ್ಗೆ ಸಂಸ್ಥೆಯ ಕೇಂದ್ರ ಮಠವಾದ ಮದರ್ ಹೌಸಿನಲ್ಲಿ ಬ್ರೆಡ್ಡು, ಬಾಳೆಹಣ್ಣು, ಚಹಾ ಮತ್ತು ಚಿಕ್ಕದೊಂದು ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ತಮಗೆ ಗೊತ್ತುಪಡಿಸಿದ ಕೇಂದ್ರಗಳಿಗೆ ಹೊರಡುತ್ತಾರೆ. ನನ್ನ ಪಾಲಿಗೆ ಬಂದದ್ದು, ಕಾಳಿ ದೇವಾಲಯದ ಪಕ್ಕದಲ್ಲಿ, ಹಿಂದೆ ಯಾತ್ರಿಕರು ತಂಗುತ್ತಿದ್ದ ಕಟ್ಟಡದಲ್ಲಿ 1952ರಲ್ಲಿ ಆರಂಭವಾದ ನಿರ್ಮಲ ಹೃದಯ, ಸಾವಿನಂಚಿನ ನಿರ್ಗತಿಕರ ಆಶ್ರಯಧಾಮ. ಸಾವಿನಂಚಿನಲ್ಲಿರುವವರ ಕೈ ಹಿಡಿದು ಕೂರುವುದೇ ಸೇವೆಯೆಂದು ಭಾವಿಸಿ ಹೋಗಿದ್ದ ನಾನು ಮೊದಲ ವಾರವೆಲ್ಲ ಹಿಡಿದದ್ದು ಒದ್ದೆ ಕಂಬಳಿಗಳನ್ನು. ತೊಟ್ಟಿಯಿಂದೆತ್ತಿದ ಕಂಬಳಿಯನ್ನು ಇಬ್ಬರು ಎದುರುಬದುರು ನಿಂತು ಹಿಂಡಬೇಕು. ನನ್ನ ಜೊತೆಗಾರ ಸ್ಪೇನಿನವನು, ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಇಬ್ಬರೂ ಒಂದೇ ಕಡೆಗೆ ತಿರುವಿದರೆ ಹನಿ ನೀರೂ ಇಳಿಯುವುದಿಲ್ಲವೆಂಬುದು ಮೂರನೆಯ ಕಂಬಳಿಯ ಹೊತ್ತಿಗೆ ನಮಗೆ ಅರ್ಥವಾಯಿತು.

ಎರಡನೆಯ ವಾರ ಊಟ ಮಾಡಿಸುವ ಕೆಲಸ ಸಿಕ್ಕಿತು. ಒಬ್ಬ ಮುದುಕರು ನಾನು ಕೊಟ್ಟ ತುತ್ತನ್ನು ನನ್ನ ಏಪ್ರನ್ನಿನ ಮೇಲೆಯೇ ಉಗಿದರು. ಮರುದಿನವೂ ಹಾಗೆಯೇ ಮಾಡಿದರು. ನಮ್ಮೂರ ಮಠದ ದಾಸೋಹದಲ್ಲಿ ವರ್ಷಗಟ್ಟಲೆ ಬಡಿಸಿದವನು ನಾನು. ಆದರೆ ಅಲ್ಲಿ ಪಂಕ್ತಿಯ ತುದಿ ಮುಟ್ಟುವಷ್ಟರಲ್ಲಿ ನಾಲ್ಕು ಜನ ಹೊಗಳುತ್ತಾರೆ, ಸ್ವಾಮಿಗಳೂ ಒಮ್ಮೆ ಹೆಸರು ಹಿಡಿದು ಕರೆಯುತ್ತಾರೆ. ಆ ಹೊಗಳಿಕೆಯೇ ನನಗೆ ಸಲ್ಲುತ್ತಿದ್ದ ಕೂಲಿಯಾಗಿತ್ತೆಂಬುದು, ಅದು ಸಿಗದೆ ಮೈಯೆಲ್ಲ ಉರಿದ ಆ ಎರಡು ದಿನಗಳಲ್ಲಿ ತಿಳಿಯಿತು. ಇಲ್ಲಿನ ಸಿಸ್ಟರುಗಳು ಬ್ರಹ್ಮಚರ್ಯ, ಬಡತನ, ವಿಧೇಯತೆಗಳ ಜೊತೆಗೆ ಕಡುಬಡವರಿಗೆ ಮನಃಪೂರ್ವಕ ಉಚಿತ ಸೇವೆ ಎಂಬ ನಾಲ್ಕನೆಯ ವ್ರತವನ್ನೂ ಸ್ವೀಕರಿಸುತ್ತಾರೆ. ಉಚಿತ ಎಂದರೆ ದುಡ್ಡಿನ ಮಾತೆಂದೇ ನಾನು ತಿಳಿದಿದ್ದೆ.

ಕೊರತೆಗಳ ಬಗ್ಗೆ ಮೌನ ವಹಿಸುವುದು ಸರಿಯಲ್ಲ. ಬಲವಾದ ನೋವುನಿವಾರಕಗಳಿಲ್ಲ, ರೋಗಪತ್ತೆ ಅಚ್ಚುಕಟ್ಟಾಗಿಲ್ಲ ಎಂದು ದ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಆಗಿನ ಸಂಪಾದಕ ರಾಬಿನ್ ಫಾಕ್ಸ್ 1994ರಲ್ಲೇ ಬರೆದಿದ್ದರು. ಪ್ರೀತಿಯಿದ್ದಲ್ಲಿ ಔಷಧದ ಮಾತೇಕೆ ಎಂಬ ಸಮರ್ಥನೆಯನ್ನು ನಾನಂತೂ ಒಪ್ಪಲಾರೆ. ಏನೂ ತರಬೇತಿಯಿಲ್ಲದ ನನ್ನಂಥವರು ಅಲ್ಲಿ ರೋಗಿಗೆ ಮಾಡುವ ಉಪಕಾರಕ್ಕಿಂತ ಅಲ್ಲಿಂದ ಪಡೆದು ಬರುವುದೇ ಹೆಚ್ಚೆಂಬುದೂ ನಿಜ.

ಪಡೆದದ್ದರ ಲೆಕ್ಕ ಸಿಕ್ಕಿದ್ದು ಎರಡು ವರ್ಷ ಕಳೆದು ಅಪ್ಪ ಹಾಸಿಗೆ ಹಿಡಿದಾಗ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯ ಹಾಸನ್ನು ಬೆನ್ನಿನವರೆಗೆ ಸುರುಳಿ ಸುತ್ತಿ, ಹೊಸದನ್ನು ಅದರ ಪಕ್ಕದಲ್ಲೇ ಹಾಸಿ, ಮತ್ತೆ ಆಚೆಗೆ ಹೊರಳಿಸಿ ಹಳೆಯದನ್ನು ಎಳೆದುಕೊಳ್ಳುವ ಕ್ರಮವನ್ನು ಕಾಳಿಘಾಟಿನ ಸಿಬ್ಬಂದಿಯೊಬ್ಬರು ಕಲಿಸಿದ್ದರು. ಕೈಗೆ ಅದು ಮರೆತಿರಲಿಲ್ಲ. ಹಿಂದೆ ಅಪ್ಪನ ಒಂದು ಮಾತಿಗೆ ಹತ್ತು ಮಾತಾಡುತ್ತಿದ್ದವನು, ಅವರು ದಿನಾ ಬೈಯುತ್ತಿದ್ದರೂ ಹಾಸು ಬದಲಿಸಿ ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದೆ. ಲಿಂಗಪೂಜೆಗೆ ಕುಳಿತಾಗಲೂ ಮನಸ್ಸು ಮೊದಲಿನಷ್ಟು ಓಡಾಡುತ್ತಿರಲಿಲ್ಲ.

ಹೋಗುವವರು ಮೂರು ವಾರಕ್ಕಿಂತ ಕಡಿಮೆ ಅವಧಿ ಇಟ್ಟುಕೊಳ್ಳಬೇಡಿ. ಮೊದಲ ವಾರವೆಲ್ಲ ನಮ್ಮ ಕುರಿತ ನಮ್ಮದೇ ಮೆಚ್ಚುಗೆಯಲ್ಲಿ ಕಳೆದುಹೋಗುತ್ತದೆ. ಬೇಗ ಒಣಗುವ ತೆಳು ಹತ್ತಿಯ ಬಟ್ಟೆ ಒಯ್ಯಿರಿ, ನೀರಿನಲ್ಲಿ ಜಾರದ ಚಪ್ಪಲಿಯನ್ನೂ.